ಎರಡನೇ ಮಹಡಿಯ ದುಪಟ್ಟಾಗಳು

ನಮ್ಮ ಹಾಸ್ಟೆಲಿನಲ್ಲಿ ಒಳಬಟ್ಟೆಗಳನ್ನು ಬಾಲ್ಕನಿಯಲ್ಲಿ ಒಣಹಾಕುವಂತಿರಲಿಲ್ಲ. ರಸ್ತೆಯಾಚೆ ಹುಡುಗರ ಹಾಸ್ಟೆಲ್ ಇತ್ತು. ಹಾಸ್ಟೆಲ್ ನೋಡಿಕೊಳ್ಳುವ ರೆಕ್ಟರ್ ಮ್ಯಾಡಮ್ ಹೊಸಬರಿಗೆ ಹೇಳುತ್ತಿದ್ದ ಮೊದಲ ನಿಯಮವೇ ಅದು. ಊಟದ ವೇಳೆ, ಗೇಟು ಮುಚ್ಚುವ ವೇಳೆ ಎಲ್ಲ ಆಮೇಲೆ. ಹಾಗಾಗಿ ಯೆರವಡಾದ ಆ ಕಟ್ಟಡದಲ್ಲಿ ಮಳೆಗಾಲವಿಡೀ ಪ್ರತಿ ಕೋಣೆಯೂ ಒದ್ದೆ ಬಟ್ಟೆಯ ಮುಗ್ಗಲು ನಾರುತ್ತಿತ್ತು. ಮಂಚದ ಸರಳು, ಕುರ್ಚಿಯ ಬೆನ್ನು, ಕಪಾಟಿನ ಬಾಗಿಲು, ಎಲ್ಲಿ ನೋಡಿದರೂ ಏನಾದರೊಂದು ನೇತಾಡುತ್ತಿತ್ತು.

ನಾವು ಆರ್ಕಿಟೆಕ್ಚರ್ ಮೂರನೇ ವರ್ಷದಲ್ಲಿದ್ದೆವು. ಆ ಸೆಮಿಸ್ಟರಿನ ಸ್ಟುಡಿಯೋ ಕೆಲಸವನ್ನು ಅಂಬಾರಾಯ ಸರ್ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. "ನೀವು ಇರೋ ಜಾಗದಾಗ ಒಂದು ತೊಂದರೆ ಹುಡುಕ್ರಿ. ಅದಕ್ಕ ಏನ ಬೇಕೋ ಅದನ್ನ ನಿಮ್ಮ ಕೈಲೇ ಕಟ್ರಿ. ಹಾಳಿ ಮ್ಯಾಲೆ ಚಂದ ಕಂಡರ ನಾ ಮಾರ್ಕ್ಸ್ ಕೊಡಾಂವಲ್ಲ."

ಒದ್ದೆ ಬಟ್ಟೆಯ ತೊಂದರೆಯನ್ನು ಮೊದಲು ಹೇಳಿದವಳು ನಾನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಯಾರೂ ಅದನ್ನು ನೆನಪಿಟ್ಟುಕೊಳ್ಳಲಿಲ್ಲ.

ಹೇಳಿದ್ದು ಭಾಮಾಳಿಗೆ. ಭಾಮಾ ಸೊಲ್ಲಾಪುರದವಳು. ಅಜ್ಜಿಯ ಹೆಸರನ್ನೇ ಇಟ್ಟುಕೊಂಡು ಹುಟ್ಟಿದ್ದರಿಂದ ತನಗೆ ಅಜ್ಜಿಯಷ್ಟೇ ವಯಸ್ಸು ಎಂದು ತಮಾಷೆ ಮಾಡುತ್ತಿದ್ದಳು. ಮೊದಲ ವರ್ಷದಿಂದ ನಾವಿಬ್ಬರೂ ಒಂದೇ ಕೋಣೆ, ಒಂದೇ ಟೀಮು. ಪ್ರತಿ ವರ್ಷದ ಕೊನೆಗೆ ಹುಡುಗಿಯರು ಜೋಡಿಯಾಗಿ ರೆಕ್ಟರ್ ಮ್ಯಾಡಮ್ ಬಳಿ ಹೋಗಿ ಮುಂದಿನ ವರ್ಷದ ಕೋಣೆಗೆ ಹೆಸರು ಹೇಳಬೇಕು. ಭಾಮಾ ಒಂದು ದಿನ ಇದ್ದಕ್ಕಿದ್ದಂತೆ "ನಡಿ, ಹೆಸರು ಕೊಟ್ಟು ಬರೋಣು" ಅನ್ನುತ್ತಿದ್ದಳು, ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಕೇಳುವ ಕೆಲಸ ಅವಳದು, ಕಾಯುವುದು ನನ್ನದು. ಈ ವರ್ಷವೂ ಅವಳು ಹಾಗೆ ಅನ್ನಲಿ ಎಂದು ನಾನು ಕಾದಿದ್ದೆ. ಬೇರೆ ಯಾವುದಕ್ಕೂ ಅಷ್ಟು ಕಾಯಲಿಲ್ಲ, ಅಂಕಗಳಿಗೂ ಕೂಡ.

ಅವಳು ಅದರ ಬದಲು ಹರ್ಷಿತಾಳನ್ನು ಕರೆತಂದಳು.

"ಏ ಪ್ರಣಿ, ಇಕಿನ್ನ ನಮ್ಮ ಟೀಮಿಗೆ ತಗೊಂಡೀನಿ. ಮೂರ ಮಂದಿ ಇದ್ರ ಕೆಲಸ ಹಗರ ಆಗ್ತದ."

ಹರ್ಷಿತಾ ಆ ವರ್ಷವೇ ಬೆಂಗಳೂರಿನ ಒಂದು ಕಾಲೇಜು ಬಿಟ್ಟು ನಮ್ಮಲ್ಲಿಗೆ ಸೇರಿದ್ದಳು. ಎತ್ತರದ ಹುಡುಗಿ, ಕೂದಲನ್ನು ಪೆನ್ಸಿಲಿನಿಂದ ಸುತ್ತಿ ಕಟ್ಟುತ್ತಿದ್ದಳು. ಒಂದು ವಾರದಲ್ಲಿ ಭಾಮಾಳೂ ಪೆನ್ಸಿಲಿನಿಂದ ಕೂದಲು ಕಟ್ಟಲು ಶುರುಮಾಡಿದಳು. ಅವಳ ಕೂದಲು ನುಣುಪು, ಪೆನ್ಸಿಲ್ ಜಾರಿ ಜಾರಿ ಬೀಳುತ್ತಿತ್ತು. ಎರಡೂವರೆ ವರ್ಷ ನನ್ನ ರಬ್ಬರ್ ಬ್ಯಾಂಡುಗಳನ್ನು ಕದ್ದು ಕಟ್ಟಿಕೊಳ್ಳುತ್ತಿದ್ದವಳು ಅವಳು.

ನನ್ನ ಯೋಜನೆ ತಾರಸಿಯಲ್ಲಿ ಮರದ ಜಾಲರಿಯ ಒಂದು ಗೂಡು ಕಟ್ಟುವುದಾಗಿತ್ತು. ಹರ್ಷಿತಾ ಅದನ್ನು ನೋಡಿ "ನೈಸ್" ಎಂದಳು. ಆಮೇಲೆ ಎದ್ದುಹೋಗಿ ಎರಡನೇ ಮಹಡಿಯ ಮೆಟ್ಟಿಲ ಬಳಿ ನಿಂತು ಕೈ ಮೇಲೆತ್ತಿದಳು. ಅಲ್ಲಿ ಸೂರು ಎತ್ತರ, ಗೋಡೆಯಲ್ಲಿ ಉದ್ದಕ್ಕೂ ಗಾಳಿ ಬರುವ ಸಿಮೆಂಟಿನ ಜಾಲಿ ಕಿಂಡಿಗಳು.

"ಗೈಸ್, ಬನ್ನಿ ಇಲ್ಲಿ. ಗಾಳಿ ಎಲ್ಲಿದೆ? ಮೇಲಿದೆ. ನಾವು ಬಟ್ಟೆ ಎಲ್ಲಿ ಹಾಕ್ತಿದೀವಿ? ಕೆಳಗೆ. ಅಷ್ಟೇ ಪ್ರಾಬ್ಲಮ್."

ಮರದ ಪಟ್ಟಿಗಳ ಒಂದು ದೊಡ್ಡ ಚೌಕಟ್ಟು. ಅದಕ್ಕೆ ಹಗ್ಗ, ರಾಟೆ. ಕೆಳಗಿಳಿಸಿ ಬಟ್ಟೆ ಹಾಕುವುದು, ಎಳೆದು ಸೂರಿಗೆ ಏರಿಸುವುದು. ಹೊರಗಿನವರಿಗೆ ಕಾಣುವುದಿಲ್ಲ, ಕೋಣೆಯೊಳಗೆ ವಾಸನೆಯಿಲ್ಲ, ತಾರಸಿಗೆ ಹತ್ತುವ ತಾಪತ್ರಯವಿಲ್ಲ. ನಿಂತಲ್ಲೇ ಹೇಳಿದಳು, ನಿಂತಲ್ಲೇ ಅದು ನನ್ನದಕ್ಕಿಂತ ಚೆನ್ನಾಗಿದೆ ಎಂದು ನನಗೆ ಗೊತ್ತಾಯಿತು. ಭಾಮಾ ಚಪ್ಪಾಳೆ ತಟ್ಟಿದಳು. ನನ್ನ ಯಾವ ವಿಚಾರಕ್ಕೂ ಅವಳು ಚಪ್ಪಾಳೆ ತಟ್ಟಿದ್ದಿಲ್ಲ. "ಛಲೋ ಅದ" ಎನ್ನುತ್ತಿದ್ದಳು. ಅಲ್ಲಿಯತನಕ ನನಗೆ ಅದು ಸಾಕಾಗುತ್ತಿತ್ತು.

ಆಮೇಲಿನ ವಾರಗಳಲ್ಲಿ ನಾನು ಮರ ಉಜ್ಜಿದೆ, ತೂತು ಕೊರೆದೆ, ಭವಾನಿ ಪೇಠೆಯಿಂದ ಪೈನ್ ಮರದ ಪಟ್ಟಿಗಳನ್ನು ರಿಕ್ಷಾದಲ್ಲಿ ಹೊರಗೆ ಚಾಚಿಕೊಂಡು ತಂದೆ. ಮತ್ತು ನೋಡುತ್ತಿದ್ದೆ. ಊರಿನಿಂದ ಬಂದ ಶೇಂಗಾ ಚಟ್ನಿಯ ಡಬ್ಬಿಯನ್ನು ಭಾಮಾ ಯಾರ ಮುಂದೆ ಮೊದಲು ತೆರೆಯುತ್ತಾಳೆ. ತಮಾಷೆ ಹೇಳಿ ಮುಗಿಸಿ ಯಾರ ಮುಖ ನೋಡುತ್ತಾಳೆ. ಮೆಸ್ಸಿನಲ್ಲಿ ತಟ್ಟೆ ಹಿಡಿದು ಬಂದಾಗ ಯಾವ ಕುರ್ಚಿಯ ಕಡೆ ಕಾಲು ಹೊರಳುತ್ತದೆ. ಚೌಕಟ್ಟಿನ ಮೇಲೆ ಎಷ್ಟು ಭಾರ ಬೀಳುತ್ತದೆಂದು ತಿಳಿಯಲು ಹರ್ಷಿತಾ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಲಗೇಜು ತೂಗುವ ಕೊಕ್ಕೆತಕ್ಕಡಿಗೆ ನೇತುಹಾಕಿ ಭಾರ ನೋಡಿ ಹೇಳಿದರೆ, ಭಾಮಾ ಕೂಡಿಸುತ್ತಿದ್ದಳು. ಇಬ್ಬರೂ ಯಾರದೋ ಕಾಚದ ತೂಕಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ನಾನು ಹತ್ತಿರ ಹೋದರೆ "ಏನಿಲ್ಲ ಬಿಡ, ಹಂಗs" ಎನ್ನುವಳು ಭಾಮಾ. ಒಂದು ನಗೆಯನ್ನು ಎರಡನೇ ಸಲ ಹೇಳಿ ತಿಳಿಸಲು ಬರುವುದಿಲ್ಲ, ನಿಜ. ಆದರೂ ಹೇಳಬಹುದಿತ್ತು.

ಶನಿವಾರ ನಿಗಡಿಗೆ, ಮನೆಗೆ ಹೋದೆ. ಕೆಳಗೆ ನಮ್ಮ ಹೋಟೆಲು, ಮೇಲೆ ಮನೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಅಮ್ಮ ನನ್ನ ಬೆನ್ನ ಹಿಂದೆ ಇಣುಕಿದಳು.

"ಒಬ್ಬಳೇ ಬಂದದ್ದಾ? ಭಾಮಾ ಎಲ್ಲಿ? ನಾನು ನೀರುದೋಸೆಗೆ ಅಕ್ಕಿ ನೆನೆಸಿದ್ದೇನೆ ಮಾರಾಯ್ತಿ."

"ಅವಳಿಗೆ ಕೆಲಸ ಉಂಟು."

"ಎಂತ ಕೆಲಸ? ನೀವು ಇಬ್ರೂ ಒಟ್ಟಿಗೇ ಅಲ್ವಾ ಮಾಡೂದು?"

"ಈಗ ಮೂವರು."

ಪ್ರಫುಲ್ಲಾ ಎಂಬ ನನ್ನ ತಾಯಿ ಗಿರಾಕಿಯ ಮುಖ ನೋಡಿಯೇ ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ತಿಳಿಯುವವಳು. ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮನೆಗೆ ಹತ್ತಿ, ಒಗೆದ ಬಟ್ಟೆಯನ್ನು ಹರಗಿ ಒಣಹಾಕಲು ನನ್ನನ್ನೂ ಕರೆದಳು.

ಮನೆಯ ಹಿಂದಿನ ಸಿಟ್ಔಟಿನಲ್ಲಿ ಅಮ್ಮ ಹಗ್ಗಕ್ಕೆ ಮೊದಲು ತನ್ನ ಒಳಬಟ್ಟೆಗಳನ್ನು ಹಾಕಿದಳು. ಅವುಗಳ ಮೇಲೆ ಒಂದು ತೆಳು ಟವೆಲ್. ಎರಡಕ್ಕೂ ಸೇರಿಸಿ ಒಂದು ಕ್ಲಿಪ್ಪು. ಆ ಕಡೆ ಇದ್ದದ್ದು ಕಿಟಕಿಯಿಲ್ಲದ ಒಂದು ಗೋಡೆ ಮಾತ್ರ, ನೋಡುವವರು ಯಾರೂ ಇಲ್ಲ. ನಾನೂ ನನ್ನವನ್ನು ಹಾಕಿ ಮೇಲೆ ದುಪಟ್ಟಾ ಎಳೆದೆ. ಎಳೆದ ಕೈ ಅಲ್ಲೇ ನಿಂತಿತು. ಹಾಸ್ಟೆಲಿನಲ್ಲೂ ನಾವೆಲ್ಲ ಮಾಡುವುದು ಇದನ್ನೇ. ಬಾಗಿಲು ಹಾಕಿದ ಕೋಣೆಯೊಳಗೂ ಮೇಲೊಂದು ದುಪಟ್ಟಾ. ಕೊಕ್ಕೆತಕ್ಕಡಿಗೆ ಯಾರೂ ದುಪಟ್ಟಾ ನೇತುಹಾಕಿರಲಿಲ್ಲ. ಆ ಚೌಕಟ್ಟಿನ ಮೇಲೆ ಭಾರ ದುಪ್ಪಟ್ಟಾಗುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ, ಕೆಳಗಿನ ಬಟ್ಟೆ ಒಣಗುವುದೇ ಇಲ್ಲ.

ಹರ್ಷಿತಾ ತಪ್ಪಿದ್ದಳು! ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ನಾಲಿಗೆಯ ಕೆಳಗಿನ ಪೆಪ್ಪರಮೆಂಟಿನ ಹಾಗೆ ಇಟ್ಟುಕೊಂಡು ಬಂದೆ. ಹೇಗೆ ಹೇಳಬೇಕೆಂದು ವಾಕ್ಯವನ್ನು ಮಾಡಿದೆ, ಕೆಡವಿದೆ, ಮತ್ತೆ ಮಾಡಿದೆ. ಮೃದುವಾಗಿರಬೇಕು, ಆದರೆ ತಪ್ಪು ಯಾರದೆಂಬುದು ಕಾಣಬೇಕು.

ಅವರಿಬ್ಬರೂ ಮೆಟ್ಟಿಲ ಬಳಿ ಪಟ್ಟಿಗಳಿಗೆ ವಾರ್ನಿಶ್ ಹಚ್ಚುತ್ತ ಕೂತಿದ್ದರು.

"ಒಂದು ಸಣ್ಣ ಸಂಗತಿ," ಎಂದೆ. "ಹುಡುಗಿಯರು ಮೇಲೆ ದುಪಟ್ಟಾ ಹಾಕದೆ ಇಲ್ಲಿ ಒಳಬಟ್ಟೆ ಹರಗುವುದಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದ ಹಾಗೆ ಕಾಣುವುದಿಲ್ಲ."

ಹರ್ಷಿತಾ ಬ್ರಶ್ ಎತ್ತಿದಳು. "ಆದ್ರೆ ಇದು ಗರ್ಲ್ಸ್ ಫ್ಲೋರ್ ಅಲ್ವಾ? ಇಲ್ಲಿ ಯಾರಿಂದ ಮುಚ್ಚಿಡೋದು?"

ಯಾರಿಂದ ಎಂದು ಅಮ್ಮನೂ ಹೇಳಲಾರಳು.

"ಮುಚ್ಚುತ್ತಾರೆ ಅಷ್ಟೇ," ಎಂದೆ. "ಬೆಂಗಳೂರಲ್ಲಿ ನಿಮ್ಮ ಮನೆಯಲ್ಲಿ ಒಣಗಿಸುವ ಮಶೀನು ಇರಬಹುದು."

ಈ ಕೊನೆಯ ವಾಕ್ಯ ನಾನು ಬಸ್ಸಿನಲ್ಲಿ ಮಾಡಿದ್ದರಲ್ಲಿ ಇರಲಿಲ್ಲ. ಅದು ತಾನಾಗಿ ಬಂತು.

ಭಾಮಾ ಬ್ರಶ್ಶನ್ನು ಡಬ್ಬಿಯೊಳಗೆ ಕುಕ್ಕಿದಳು. "ಪ್ರಣಿ, ಅಕಿ ಮಾಡಿದ್ದು ನಿನಗ ಒಂದರೆ ಸೇರೇದೇನು? ರಾಟಿ ದೊಡ್ಡದಾತು ಅಂದಿ, ಹಗ್ಗ ಹಳದಿ ಯಾಕ ಅಂದಿ, ಈಗ ದುಪಟ್ಟಾ. ನಾಳೆ ಕ್ಲಿಪ್ಪಿಗೂ ಏನರೆ ತಗಿ."

"ಇರು ಭಾಮಾ, ಹೇಳ್ಲಿ ಅವಳು," ಎಂದಳು ಹರ್ಷಿತಾ.

ಅದನ್ನೇ ನನಗೆ ತಡೆಯಲಾಗಲಿಲ್ಲ. ನನಗೆ ಮಾತಾಡಲು ಭಾಮಾಳಿಂದ ಇವಳು ಪರವಾನಗಿ ಕೊಡಿಸುವುದೇ? "ಏನಿಲ್ಲ ಬಿಡಿ," ಎಂದು ಕೋಣೆಗೆ ಹೋದೆ. ಹಿಂದಿನಿಂದ ಯಾರೂ ಬರಲಿಲ್ಲ. ಬಾಗಿಲನ್ನು ಸ್ವಲ್ಪ ಹೊತ್ತು ತೆರೆದೇ ಇಟ್ಟಿದ್ದೆ.

ಚೌಕಟ್ಟು ಏರಿತು. ಕೆಲಸ ಪರೀಕ್ಷಿಸುವ ಜ್ಯೂರಿಯ ದಿನ ಅಂಬಾರಾಯ ಸರ್ ಹಗ್ಗ ಎಳೆದು, ಇಳಿಸಿ, ಮತ್ತೆ ಎಳೆದು, ಹುಡುಗನ ಹಾಗೆ ಸಂತೋಷಪಟ್ಟರು. "ಭಾರೀ ಅದವಾ. ಖರೇ ಪರೀಕ್ಷಾ ಬಳಸೋವಾಗ. ಒಂದ ತಿಂಗಳ ಬಿಟ್ಟು ಬರ್ತೀನಿ, ಆಮ್ಯಾಲೆ ಮಾರ್ಕ್ಸ್," ಎಂದರು. ಆ ದಿನ ಅದರ ಮೇಲಿದ್ದದ್ದು ನಾವೇ ಹರಗಿದ್ದ ಟೀ ಶರ್ಟುಗಳು, ಬಣ್ಣಕ್ಕೆ ಬಣ್ಣ ಹೊಂದಿಸಿ.

ಮರುದಿನ ಯಾರೂ ಏನೂ ಹಾಕಲಿಲ್ಲ. ಅದರ ಮರುದಿನ ಒಂದು ನೀಲಿ ದುಪಟ್ಟಾ ಬಂತು, ಕೆಳಗೆ ಏನೋ ಉಬ್ಬಿಕೊಂಡು. ಅದನ್ನು ನೋಡಿ ಉಳಿದವರಿಗೆ ಧೈರ್ಯ ಬಂತೆಂದು ಕಾಣುತ್ತದೆ. ವಾರ ಕಳೆಯುವಷ್ಟರಲ್ಲಿ ಸೂರಿನ ತುಂಬ ದುಪಟ್ಟಾ, ಟವೆಲ್ಲು, ಒಂದು ಇಡೀ ಬೆಡ್‌ಶೀಟು. ನಾನು ಮೆಟ್ಟಿಲು ಹತ್ತುವಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದೆ. ಹೇಳುವ ಅಗತ್ಯವೇ ಇರಲಿಲ್ಲ.

ಒಂದು ಮಧ್ಯಾಹ್ನ, ಕ್ಲಾಸು ಬಿಟ್ಟು ಎಲ್ಲರೂ ಬರುವ ಹೊತ್ತಿಗೆ, ಮೊದಲ ವರ್ಷದ ಶರಣ್ಯಾ ತನ್ನ ಬಟ್ಟೆ ತೆಗೆಯಲು ಹಗ್ಗ ಬಿಚ್ಚಿದಳು. ಭಾರಕ್ಕೆ ಹಗ್ಗ ಅವಳ ಅಂಗೈಯನ್ನು ಉಜ್ಜಿ ಸುಡುತ್ತ ಸರ್ರನೆ ಜಾರಿತು. ಒಂದು ಕಡೆಯ ಕೊಕ್ಕೆ ಬಿಚ್ಚಿಕೊಂಡಿತು. ಚೌಕಟ್ಟು ಓರೆಯಾಗಿ ನಿಂತು, ಎರಡನೇ ಮಹಡಿಯ ಅಷ್ಟೂ ಹುಡುಗಿಯರ ಅಷ್ಟೂ ಒಳಬಟ್ಟೆ ದುಪಟ್ಟಾಗಳ ಸಮೇತ ಮೆಟ್ಟಿಲ ಮೇಲೆ ಸುರಿಯಿತು. ಒಂದೆರಡು ಕೆಳಗಿನ ಮಹಡಿಯವರೆಗೂ ಹೋದವು.

ಎಲ್ಲರೂ ಒಟ್ಟಿಗೆ ಬಾಗಿದರು. ಆದರೆ ಯಾರೂ ಏನನ್ನೂ ಕೈಯಲ್ಲಿ ಎತ್ತಲಿಲ್ಲ. ಎತ್ತಿದರೆ ಅದು ತನ್ನದೆಂದು ಒಪ್ಪಿದ ಹಾಗೆ. "ಹೇ ಕುಣಾಚ?" ಯಾರೋ ಒಂದನ್ನು ಪೆನ್ನಿನ ತುದಿಯಿಂದ ಎತ್ತಿ ಇದು ಯಾರದ್ದೆಂದು ಮರಾಠಿಯಲ್ಲಿ ಕೇಳಿದಳು. "ಮಾಝ ನಾಹೀ," ನನ್ನದಲ್ಲ ಎಂದರು ಸುತ್ತಲಿದ್ದವರೆಲ್ಲ. ಶರಣ್ಯಾ ಅಂಗೈ ಹಿಡಿದುಕೊಂಡು ಅಳುತ್ತಿದ್ದಳು.

ಹರ್ಷಿತಾ ಓಡಿಬಂದು ಮೊದಲು ಆ ಹುಡುಗಿಯ ಕೈ ನೋಡಿದಳು. ಆಮೇಲೆ ಬಿದ್ದ ಒಂದು ದುಪಟ್ಟಾದ ಕೆಳಗೆ ಕೈಯಿಟ್ಟು ಮುಟ್ಟಿದಳು. "ಒಣಗೇ ಇಲ್ಲ," ಎಂದಳು. ಎಲ್ಲರಿಗೂ ಕೇಳುವಂತೆ, "ಪ್ರಣೀತಾ ಹೇಳಿದ್ಲು. ನಾನೇ ಕೇಳ್ಲಿಲ್ಲ," ಎಂದಳು.

ಆಗಲೇ ನನ್ನ ಮುಖದ ಮೇಲೆ ಅದು ಬಂದದ್ದು. ನಾನು ತರಿಸಿಕೊಂಡದ್ದಲ್ಲ. ತುಟಿಯ ಎರಡೂ ತುದಿ ತಾವಾಗಿ ಮೇಲೆದ್ದವು. ತಿರುಗಿದರೆ ಭಾಮಾ ನನ್ನನ್ನೇ ನೋಡುತ್ತಿದ್ದಳು.

ಕೋಣೆಗೆ ಬಂದ ಮೇಲೆ ಅವಳು ಮಂಚದ ಮೇಲೆ ಕೂರಲಿಲ್ಲ, ನಿಂತೇ ಹೇಳಿದಳು. "ನೀ ನಕ್ಕಿ."

"ಇಲ್ಲ."

"ನಕ್ಕಿ. ನಾ ನೋಡೀನಿ. ಆ ಹುಡುಗಿ ಅಳಲಿಕತ್ತಿದ್ಲು, ನೀ ನಗಲಿಕತ್ತಿದ್ದಿ. ನೀ ಅಂದಿದ್ದು ಖರೇ ಇತ್ತು, ನಾ ನಿನಗ ಬೈಬಾರದಿತ್ತು, ಅದು ನನ್ನ ತಪ್ಪು. ಆದರ ನೀ ನಕ್ಕಿ ನೋಡು."

ಅವಳು ಟವೆಲ್ಲು ತೆಗೆದುಕೊಂಡು ಸ್ನಾನಕ್ಕೆ ಹೋದಳು. ನಾನು ಕನ್ನಡಿಯ ಮುಂದೆ ನಿಂತು ನನ್ನ ಬಾಯಿಯನ್ನು ನೋಡಿದೆ.

ಮರುದಿನ ಹರ್ಷಿತಾ ಸ್ಟುಡಿಯೋದಲ್ಲಿ ನನ್ನ ಮೇಜಿನ ಮುಂದೆ ಸ್ಟೂಲು ಎಳೆದು ಕೂತಳು. "ಹೇಳು. ಹುಡುಗೀರು ಏನೇನ್ ಮಾಡ್ತಾರೆ, ಎಲ್ಲಾ ಹೇಳು. ನೀನು ನೋಡಿದೀಯ, ನಾನು ನೋಡಿಲ್ಲ."

ಹೇಳಬಾರದೆಂದೇ ಇದ್ದೆ. ಆದರೆ ಕೇಳುವವರು ಸಿಕ್ಕರೆ ನನ್ನಂಥವಳು ಎಷ್ಟು ಹೊತ್ತು ಸುಮ್ಮನಿರಬಲ್ಲಳು? ಯಾರು ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕುತ್ತಾರೆ, ಯಾರು ಇನ್ನೊಬ್ಬರು ಬಂದರೆ ಹರಗುವುದನ್ನು ನಿಲ್ಲಿಸಿ ಫೋನ್ ನೋಡುವ ಹಾಗೆ ಮಾಡುತ್ತಾರೆ, ಹಳೆಯದಾಗಿ ಹರಿದದ್ದಿರುವವರು ಯಾಕೆ ಎಲ್ಲರಿಗಿಂತ ಮೊದಲು ಬಂದು ತೆಗೆದುಕೊಂಡು ಹೋಗುತ್ತಾರೆ. ಅದನ್ನು ಹೇಳುವಾಗ "ಯಾರಿಂದ ಮುಚ್ಚಿಡೋದು" ಎಂಬ ಅವಳ ಪ್ರಶ್ನೆಗೂ ಉತ್ತರ ಸಿಕ್ಕಿತು. ಒಬ್ಬರಿಂದ ಒಬ್ಬರು. ಹರ್ಷಿತಾ ಮೊಣಕಾಲಿನ ಮೇಲೆ ಗಲ್ಲವಿಟ್ಟು ಕೇಳಿದಳು.

"ಹಾಗಾದ್ರೆ ದುಪಟ್ಟಾ ಬೇಡ ಅನ್ನಕ್ಕಾಗಲ್ಲ."

"ಆಗಲ್ಲ. ಇಡೀ ಮಹಡಿಗೆ ಸೇರಿಸಿ ಒಂದೇ ದುಪಟ್ಟಾ ಹೊದಿಸಿಬಿಡು," ಎಂದೆ. ಕೊಂಕಾಗಿಯೇ ಎಂದದ್ದು.

ಅವಳು ಸ್ಟೂಲಿನಿಂದ ಎದ್ದು ನಿಂತಳು. "ಅದೇ! ಬಟ್ಟೆಗೆ ತಾಗಬಾರದು. ಚೌಕಟ್ಟಿನ ಅಂಚಿನಿಂದ ಸುತ್ತ ಇಳಿಬಿಡೋಣ, ತೆಳು ಮಲ್ಮಲ್. ಒಳಗೆ ಕೋಣೆಗೊಂದು ಭಾಗ, ಮಧ್ಯ ಮಧ್ಯ ಪರದೆ. ಮೇಲೂ ಕೆಳಗೂ ಗಾಳಿಗೆ ಓಪನ್."

ನಾವು ಮೂವರೂ ಸೇರಿ ಹೊಲಿದೆವು. ಭಾಮಾ ನನ್ನ ಜೊತೆ ಸೂಜಿ, ದಾರ, ಕತ್ತರಿಯ ಬಗ್ಗೆ ಮಾತ್ರ ಮಾತಾಡಿದಳು. ಹೊಸ ಕೊಕ್ಕೆಗಳನ್ನು ಹಾಕಿದೆವು, ಈ ಸಲ ಒದ್ದೆ ಮಲ್ಮಲ್ಲನ್ನೂ ತೂಗಿ. ಪರದೆ ಏರಿದ ದಿನವೇ ಚೌಕಟ್ಟು ತುಂಬಿತು, ದುಪಟ್ಟಾಗಳು ಕೋಣೆಗಳಿಗೆ ವಾಪಸು ಹೋದವು. ತಿಂಗಳಿಗೆ ಬಂದ ಅಂಬಾರಾಯ ಸರ್ ಪರದೆಯನ್ನು ಬೆರಳಲ್ಲಿ ಸರಿಸಲು ಹೋಗಿ, ಒಳಗೇನಿದೆಯೆಂದು ನೆನಪಾಗಿ, ಕೈ ಹಿಂದಕ್ಕೆ ತೆಗೆದರು. "ಇದು ಯಾರ ವಿಚಾರ?"

"ಪ್ರಣೀತಾದು ಸರ್," ಎಂದಳು ಹರ್ಷಿತಾ, ನಾನು ಉಸಿರು ತೆಗೆಯುವ ಮೊದಲೇ.

ಸರ್ ಭೇಷ್ ಎಂದರು. ನನಗೆ ಆ ಭೇಷ್ ರುಚಿಸಲಿಲ್ಲ. ಅದನ್ನೂ ಅವಳೇ ಕೊಟ್ಟಿದ್ದಳು, ಕೊಡುವುದರಲ್ಲೂ ಅವಳು ನನಗಿಂತ ಮುಂದೆ. ಅವಳು ಸಣ್ಣ ಬುದ್ಧಿಯವಳಾಗಿದ್ದರೆ ನನಗೆಷ್ಟು ಸುಲಭವಾಗುತ್ತಿತ್ತು! ಭಾಮಾ ಅವಳನ್ನು ನೋಡುತ್ತಿದ್ದ ರೀತಿಯನ್ನು ನೋಡಿದೆ. ಭಾಮಾಳ ಜಾಗದಲ್ಲಿ ನಾನಿದ್ದರೂ ಹಾಗೇ ನೋಡುತ್ತಿದ್ದೆ.

ಕೋಣೆಗೆ ಹೆಸರು ಕೊಡುವ ದಿನಗಳು ಬಂದವು. ಜೋಡಿಗಳು ರೆಕ್ಟರ್ ಆಫೀಸಿಗೆ ಹೋಗಿ ಬರುತ್ತಿದ್ದವು. ಭಾಮಾ "ನಡಿ" ಅನ್ನಲಿಲ್ಲ. ಕೊನೆಯ ಮಧ್ಯಾಹ್ನ ಅವಳು ಮಂಚದ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಾಗ ನಾನೇ ಕೇಳಿದೆ. ಮೂರು ವರ್ಷದಲ್ಲಿ ಮೊದಲ ಸಲ.

"ಹೆಸರು ಕೊಟ್ಟು ಬರೋಣವಾ?"

ಅವಳು ಉಗುರುಕತ್ತರಿ ಮಡಚಿದಳು. "ನಾ ಹರ್ಷಿತಾನ ಜೋಡಿ ಹೇಳಿ ಬಂದೀನಿ, ಪ್ರಣಿ. ನಿನ್ನೆ."

"ಅವಳು ಕೇಳಿದಳಾ?"

"ನಾ ಕೇಳಿದೆ."

ನಾನು ಕಪಾಟಿನ ಬಾಗಿಲು ತೆರೆದೆ, ಅಲ್ಲಿ ಏನೂ ಬೇಕಾಗಿರಲಿಲ್ಲ. "ನಾನು ನಕ್ಕಿದ್ದಕ್ಕಾ?"

"ಅಷ್ಟಕ್ಕs ಯಾರರೆ ರೂಮ್ ಬಿಡ್ತಾರೇನು?" ಭಾಮಾ ಎದ್ದು ಬಂದು ನನ್ನ ಪಕ್ಕ ನಿಂತಳು. "ನಿನ್ನ ಜೋಡಿ ಇದ್ರ ನಾ ಯಾರ ಕೂಡ ಊಟ ಮಾಡಿದೆ, ಯಾರ ಕೂಡ ನಕ್ಕೆ, ಎಲ್ಲಾ ನಿನ್ನ ಮಾರಿ ಮ್ಯಾಲೆ ಕಾಣಸ್ತದ. ಚಟ್ನಿ ಡಬ್ಬಿ ತಗಿಯೋ ಮುಂದ ಸೈತ ನಾ ನಿನ್ನ ನೋಡಬೇಕು. ಭಾಳ ದಣಿವಾಗ್ತದವಾ. ನೀ ಬ್ಯಾಡಾಗಿ ಅಲ್ಲ."

ಅವಳಿಗೆ ಗೊತ್ತಿತ್ತು. ಚಟ್ನಿಯ ಡಬ್ಬಿ ಕೂಡ. ನಾನು ಅಷ್ಟು ದಿನ ಅವಳನ್ನು ನೋಡುತ್ತಿದ್ದಾಗ ಅವಳೂ ನನ್ನನ್ನು ನೋಡುತ್ತಿದ್ದಳು, ನಾನು ಅದನ್ನೊಂದೇ ನೋಡಿರಲಿಲ್ಲ.

"ಸಿಟ್ಟಾದೇನು?" ಎಂದಳು.

"ಹೌದು," ಎಂದೆ.

"ಆಗು. ಆಗಬೇಕs. ಆದರ ಊಟಕ್ಕ ಬಾ."

ನಾನು ಒಬ್ಬಳೇ ರೆಕ್ಟರ್ ಆಫೀಸಿಗೆ ಹೋದೆ. ಮ್ಯಾಡಮ್ ಕನ್ನಡಕದ ಮೇಲಿನಿಂದ ನನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ನೋಡಿದರು. "ಎಕಟೀಚ್? ಪಾರ್ಟ್ನರ್ ಕುಠೆ ಆಹೆ?" ಒಬ್ಬಳೇ ಬಂದೆಯಾ, ಜೊತೆಗಾತಿ ಎಲ್ಲಿ.

"ಕುಣೀಹೀ ಚಾಲೇಲ್, ಮ್ಯಾಡಮ್," ಎಂದೆ. ಯಾರಾದರೂ ನಡೆಯುತ್ತದೆ.

ಅವರು ನನ್ನ ಹೆಸರನ್ನು ಮೊದಲ ವರ್ಷದ ಶರಣ್ಯಾಳ ಹೆಸರಿನ ಪಕ್ಕಕ್ಕೆ ಸೇರಿಸಿದರು. ಅವಳ ಜೊತೆಗಾತಿ ಕಾಲೇಜು ಬಿಟ್ಟು ಹೋಗುತ್ತಿದ್ದಳಂತೆ. ಖಾಲಿ ಇದ್ದದ್ದು ಎರಡು ಕೋಣೆ, ಯಾವುದು ಬೇಕು ಎಂದು ಕೇಳಿದರು: ಒಂದು ಮೂರನೇ ಮಹಡಿಯ ಮೂಲೆಯದು, ಬೆಳಕು ಚೆನ್ನಾಗಿದೆ; ಇನ್ನೊಂದು ಎರಡನೇ ಮಹಡಿಯದು, ಹರ್ಷಿತಾ ಭಾಮಾರ ಕೋಣೆಗೆ ಅಂಟಿಕೊಂಡಿರುವುದು. ನಡುವೆ ಇರುವುದು ತೆಳು ಗೋಡೆ. ಆ ಕಡೆ ಯಾರು ಏನು ಮಾತಾಡುತ್ತಾರೆಂದು ಕೇಳುವುದಿಲ್ಲ, ನಗು ಮಾತ್ರ ಕೇಳುತ್ತದೆ.

"ಮೂರನೆಯದು," ಎಂದೆ ತಟ್ಟನೆ. "ಅವರ ಪಕ್ಕದ್ದು ಬೇಡ."

ಮ್ಯಾಡಮ್ ತಲೆಯಾಡಿಸಿದರು. ನಾನು ಥ್ಯಾಂಕ್ಸ್ ಹೇಳಿ ಬಾಗಿಲವರೆಗೆ ಬಂದೆ. ಮೆಸ್ಸಿನ ಕಡೆಯಿಂದ ತಟ್ಟೆಗಳ ಸದ್ದು ಬರುತ್ತಿತ್ತು. ಮೂರನೇ ಮಹಡಿಯಲ್ಲಿ ಏನೂ ಕೇಳುವುದಿಲ್ಲ. ಕೇಳದಿದ್ದರೆ ನಾನು ಊಹಿಸುತ್ತೇನೆ. ನನ್ನ ಊಹೆಯಲ್ಲಿ ಅವರು ನಿಜಕ್ಕಿಂತ ಹೆಚ್ಚು ನಗುತ್ತಾರೆ.

ಹೊಸ್ತಿಲಿಂದ ಹಿಂದಿರುಗಿದೆ.

"ಮ್ಯಾಡಮ್, ಪಕ್ಕದ್ದೇ ಕೊಡಿ."

"ಅಗೋಬಾಯಿ!" ರೆಕ್ಟರ್ ಮ್ಯಾಡಮ್ ಪೆನ್ನು ಕೆಳಗಿಟ್ಟರು. "ನಕ್ಕೀ ಕಾ?" ಇದು ಖಾತ್ರಿಯೇ?

ಖಾತ್ರಿ ಇರಲಿಲ್ಲ. ಹೂಂ ಎಂದು ತಲೆಯಾಡಿಸಿ, ಊಟಕ್ಕೆ ಹೋದೆ.